ಊರಲ್ಲಿ ಅಪ್ಪ ಅಮ್ಮ ಇದ್ದಾರೆ, ಕ್ಲಿಯರೆನ್ಸ್ ಸಿಗುತ್ತಾ? ಅಮೆರಿಕದ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಎಸ್‌ಎಫ್-86 ಅಂದರೆ ಸೆಕ್ಯುರಿಟಿ ಕ್ಲಿಯರೆನ್ಸ್‌ಗೆ (ಅಮೆರಿಕ ಸರ್ಕಾರದ ಗುಪ್ತ ಮಾಹಿತಿ ನೋಡಲು ಸಿಗುವ ಅನುಮತಿಗೆ) ತುಂಬಬೇಕಾದ ಫಾರಂ. ಅದನ್ನು ತುಂಬಲು ಕೂತ ರಾತ್ರಿ ನಾನು ಮೊದಲು ಮಾಡಿದ ಕೆಲಸ ಅಮ್ಮನಿಗೆ ಫೋನ್ ಮಾಡಿದ್ದು. "ಅಮ್ಮ, ನೀನು ಹುಟ್ಟಿದ ತಾರೀಖು ಯಾವುದು?" ಅಂತ ಕೇಳಿದೆ. "ಯುಗಾದಿ ಕಳೆದು ಎಂಟು ದಿನಕ್ಕೆ ಅಂತ ನಿಮ್ಮಜ್ಜಿ ಹೇಳ್ತಿದ್ರು. ಸ್ಕೂಲಲ್ಲಿ ಮೇಷ್ಟ್ರು ಏನೋ ಒಂದು ಬರೆಸಿದ್ದಾರೆ" ಅಂದರು. ಯಾಕೆ ಏನು ಅಂತ ವಿಚಾರಿಸಿಕೊಂಡರು. ನಾನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಇಲ್ಲಿರೋದ್ರಿಂದ ನಿನ್ನ ಕೆಲಸಕ್ಕೆ ತೊಂದರೆ ಆಗುತ್ತೇನೋ?" ಅಂದರು.

ಆ ಪ್ರಶ್ನೆ ನನ್ನನ್ನು ತುಂಬಾ ದಿನ ಕಾಡಿತು. ಅಮೆರಿಕದ ಪೌರತ್ವ ಪಡೆದು, ರಕ್ಷಣಾ ಗುತ್ತಿಗೆಯ ಕಂಪನಿಗೋ ಸರ್ಕಾರಿ ಕೆಲಸಕ್ಕೋ ಸೇರಲು ಹೊರಟ ಎಷ್ಟೋ ಕನ್ನಡಿಗರ ಮನೆಯಲ್ಲಿ ಇದೇ ಮಾತು ನಡೆಯುತ್ತದೆ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತಂದೆ ತಾಯಿ ಭಾರತದಲ್ಲಿದ್ದಾರೆ ಎಂಬ ಒಂದೇ ಕಾರಣಕ್ಕೆ ಕ್ಲಿಯರೆನ್ಸ್ ತಪ್ಪಿಹೋಗುವುದಿಲ್ಲ. ಅವರನ್ನು ಮುಚ್ಚಿಟ್ಟರೆ, ಅರ್ಧ ಹೇಳಿದರೆ, ಮರೆತರೆ ಕಷ್ಟ ಶುರುವಾಗುತ್ತದೆ. ನಾನು ವಕೀಲಳಲ್ಲ. ಫಾರಂ ತುಂಬಿ, ನಿಯಮಗಳನ್ನು ಕೂತು ಓದಿ ತಿಳಿದುಕೊಂಡಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಇಷ್ಟು ತಿಳಿದಿರಲಿ

ಕ್ಲಿಯರೆನ್ಸ್‌ಗೆ ನಾವೇ ಅರ್ಜಿ ಹಾಕಲು ಬರುವುದಿಲ್ಲ. ಕೆಲಸ ಕೊಡುವ ಇಲಾಖೆ ಅಥವಾ ಕಂಪನಿ ನಮ್ಮ ಹೆಸರನ್ನು ಮುಂದಿಡಬೇಕು. ಅಮೆರಿಕದ ಪೌರತ್ವ ಬೇಕೇ ಬೇಕು. ಗ್ರೀನ್ ಕಾರ್ಡ್ ಸಾಲದು. ಕಾನ್ಫಿಡೆನ್ಶಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಅಂತ ಮೂರು ಮಟ್ಟಗಳಿವೆ. ಮೇಲಕ್ಕೆ ಹೋದಷ್ಟೂ ವಿಚಾರಣೆ ಆಳವಾಗುತ್ತದೆ.

ಎಲ್ಲರೂ ತುಂಬುವ ಪ್ರಶ್ನಾವಳಿಯೇ ಎಸ್‌ಎಫ್-86. ಇದನ್ನು ಇ-ಆ್ಯಪ್ ಎಂಬ ಜಾಲತಾಣದಲ್ಲಿ ತುಂಬಬೇಕು. ಹೆಚ್ಚಿನ ವಿಚಾರಣೆಗಳನ್ನು 2019ರ ಅಕ್ಟೋಬರ್‌ನಿಂದ ಡಿಸಿಎಸ್‌ಎ ಎಂಬ ರಕ್ಷಣಾ ಇಲಾಖೆಯ ಸಂಸ್ಥೆ ನಡೆಸುತ್ತಿದೆ. ಈ ಫಾರಂ ಜಾಗಕ್ಕೆ ಪಿವಿಕ್ಯೂ ಎಂಬ ಹೊಸ ಪ್ರಶ್ನಾವಳಿ ತರುವ ಕೆಲಸವೂ ನಡೆದಿದೆ. ಆದ್ದರಿಂದ ನಾನು ಹೇಳುವ ವಿಭಾಗಗಳ ಅಂಕಿಗಳನ್ನು ನಿಮ್ಮ ಪರದೆಯ ಮೇಲಿರುವುದರ ಜೊತೆ ಒಮ್ಮೆ ಹೋಲಿಸಿ ನೋಡಿ.

ಹೆಜ್ಜೆ 1: ಅವರು ಏನನ್ನು ತೂಗುತ್ತಾರೆ ಅಂತ ಓದಿಕೊಳ್ಳಿ

ತೀರ್ಮಾನಕ್ಕೆ ಆಧಾರ ಎಸ್‌ಇಎಡಿ 4 ಎಂಬ ಆದೇಶ. ಇದು 2017ರ ಜೂನ್ 8ರಿಂದ ಜಾರಿಯಲ್ಲಿದೆ. ಇದರಲ್ಲಿ ಎ ಇಂದ ಎಂ ವರೆಗೆ 13 ಮಾನದಂಡಗಳಿವೆ. ಸಾಲ, ಕುಡಿತ, ಅಪರಾಧ ಎಲ್ಲಕ್ಕೂ ಒಂದೊಂದು. ನಮಗೆ ಮುಖ್ಯವಾದದ್ದು 'ಬಿ', ಅಂದರೆ ವಿದೇಶಿ ಪ್ರಭಾವ. ದಯವಿಟ್ಟು ಈ ಭಾಗವನ್ನು ನೀವೇ ಓದಿ. ಎರಡು ಮೂರು ಪುಟ ಅಷ್ಟೇ. ಯಾರೋ ಹೇಳಿದ್ದನ್ನು ಕೇಳಿ ಹೆದರುವುದಕ್ಕಿಂತ ಇದು ಎಷ್ಟೋ ವಾಸಿ.

ಅಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಹೆಚ್ಚಿದ ಅಪಾಯ. ಹೊರದೇಶದಲ್ಲಿ ನೆಂಟರಿದ್ದರೆ ಒಂದಿಷ್ಟು ಅಪಾಯ ಇದ್ದೇ ಇರುತ್ತದೆ ಅಂತ ಸರ್ಕಾರಕ್ಕೂ ಗೊತ್ತು. ಆ ಸಾಮಾನ್ಯ ಅಪಾಯಕ್ಕಿಂತ ಜಾಸ್ತಿ ಏನಾದರೂ ಇದೆಯಾ ಅಂತ ಅವರು ಹುಡುಕುತ್ತಾರೆ. ನಿಮ್ಮ ತಂದೆ ತಾಯಿಯನ್ನು ಹಿಡಿದು ನಿಮ್ಮ ಮೇಲೆ ಒತ್ತಡ ಹಾಕಲು ಯಾರಿಗಾದರೂ ಆಗುತ್ತದಾ? ಅಮೆರಿಕದ ಹಿತ ಒಂದು ಕಡೆ, ಮನೆಯವರ ಹಿತ ಇನ್ನೊಂದು ಕಡೆ ಅಂತ ಆದರೆ ನೀವು ಯಾವ ಕಡೆ ವಾಲುತ್ತೀರಿ? ಕೇಳುವುದು ಇದನ್ನೇ.

ಇದನ್ನು ತೂಗುವಾಗ ಮೂರು ವಿಷಯ ನೋಡುತ್ತಾರೆ: ಯಾವ ದೇಶ, ಆ ನೆಂಟರು ಏನು ಮಾಡುತ್ತಾರೆ, ನಿಮ್ಮ ಬೇರು ಅಮೆರಿಕದಲ್ಲಿ ಎಷ್ಟು ಆಳಕ್ಕಿಳಿದಿದೆ. ಚೀನಾ, ರಷ್ಯಾ, ಇರಾನ್‌ನಲ್ಲಿ ಮನೆಯವರಿದ್ದರೆ ಹೊರೆ ಜಾಸ್ತಿ. ಭಾರತ ಆ ಸಾಲಿನಲ್ಲಿಲ್ಲ. ಭಾರತ ಪ್ರಜಾಪ್ರಭುತ್ವ. 2016ರಲ್ಲಿ ಅಮೆರಿಕ ಭಾರತವನ್ನು ಪ್ರಮುಖ ರಕ್ಷಣಾ ಪಾಲುದಾರ ಅಂತ ಗುರುತಿಸಿದೆ. ಹಾಗಂತ ಮೈಮರೆಯಬೇಡಿ. ಸ್ನೇಹಿತ ದೇಶಗಳಿಗೂ ತಮ್ಮದೇ ಹಿತಾಸಕ್ತಿ ಇರುತ್ತದೆ ಅಂತ ಕ್ಲಿಯರೆನ್ಸ್ ಪ್ರಕರಣಗಳ ತೀರ್ಪುಗಳಲ್ಲಿ ಸ್ಪಷ್ಟವಾಗಿ ಬರೆಯುತ್ತಾರೆ. ಭಯೋತ್ಪಾದನೆಯ ಅಪಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಇನ್ನೊಂದು ಮಾತು. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1988ರ ಈಗನ್ ಪ್ರಕರಣದಲ್ಲಿ ಹೇಳಿದೆ. ಅನುಮಾನ ಉಳಿದರೆ ಅದರ ಲಾಭ ನಮಗಲ್ಲ, ದೇಶದ ಭದ್ರತೆಗೆ. ಆದ್ದರಿಂದ ಅನುಮಾನ ಉಳಿಯದ ಹಾಗೆ ವಿವರ ಕೊಡುವುದು ನಮ್ಮ ಜವಾಬ್ದಾರಿ.

ಹೆಜ್ಜೆ 2: ಮನೆಯವರ ಪಟ್ಟಿ, ಕಾಗದದ ಮೇಲೆ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಮ್ಮ ಕನ್ನಡದ ಸಂಬಂಧಗಳು ಈ ಫಾರಂಗೆ ನೇರವಾಗಿ ಹೊಂದುವುದಿಲ್ಲ. ನಾನು ತಪ್ಪು ಮಾಡಲಿದ್ದದ್ದು ಇಲ್ಲೇ.

ನಾವು ದೊಡ್ಡಮ್ಮನ ಮಗನನ್ನೂ ಅಣ್ಣ ಅನ್ನುತ್ತೇವೆ. ಫಾರಂಗೆ ಅವನು ಅಣ್ಣನಲ್ಲ. ಅತ್ತೆ ಅಂದರೆ ಗಂಡನ ತಾಯಿಯೂ ಹೌದು, ಅಪ್ಪನ ತಂಗಿಯೂ ಹೌದು. ಫಾರಂನಲ್ಲಿ ಮೊದಲನೆಯವರು ಒಂದು ಕಡೆ, ಎರಡನೆಯವರು ಇನ್ನೊಂದು ಕಡೆ. ಸೋದರಮಾವನ ಮಗನನ್ನೇ ಮದುವೆಯಾಗಿದ್ದರೆ ಒಬ್ಬರೇ ಮಾವ ಎರಡು ಥರ ನೆಂಟರು. ವಿಚಾರಣೆಗೆ ಬಂದ ಅಧಿಕಾರಿಗೆ ಇದು ಹೊಸದಾಗಿ ಕಾಣಬಹುದು. ಮುಜುಗರಪಡದೆ, ಇದು ನಮ್ಮ ಕಡೆಯ ಪದ್ಧತಿ ಅಂತ ಬಿಡಿಸಿ ಹೇಳಿದರೆ ಸಾಕು.

ವಿಭಾಗ 18 ನೆಂಟರದ್ದು. ತಂದೆ, ತಾಯಿ, ಮಲತಂದೆ, ಮಲತಾಯಿ, ಮಕ್ಕಳು, ಒಡಹುಟ್ಟಿದವರು, ಮಲ ಸಹೋದರರು, ಅತ್ತೆ ಮಾವ (ಅಂದರೆ ಗಂಡ ಅಥವಾ ಹೆಂಡತಿಯ ತಂದೆ ತಾಯಿ), ಪೋಷಕರು ಇಲ್ಲಿ ಬರುತ್ತಾರೆ. ತೀರಿಕೊಂಡವರನ್ನೂ ಬರೆಯಬೇಕು. ಅಪ್ಪ ಇಲ್ಲದೆ ಹತ್ತು ವರ್ಷವಾಗಿದ್ದರೂ ಅವರ ಹೆಸರು ಇಲ್ಲಿರಬೇಕು. ಗಂಡ ಅಥವಾ ಹೆಂಡತಿಯ ವಿವರ ವಿಭಾಗ 17ರಲ್ಲಿ.

ಚಿಕ್ಕಪ್ಪ, ದೊಡ್ಡಮ್ಮ, ಸೋದರಮಾವ, ಅಜ್ಜಿ, ಭಾವ, ನಾದಿನಿ, ಷಡ್ಡಕ ಇವರ್ಯಾರೂ ವಿಭಾಗ 18ರಲ್ಲಿ ಇಲ್ಲ. ಹಾಗಂತ ಬಿಟ್ಟುಬಿಡಬಹುದಾ? ಇಲ್ಲ. ಇವರಿಗೆ ವಿಭಾಗ 19 ಇದೆ. ಕಳೆದ 7 ವರ್ಷಗಳಲ್ಲಿ ನಿಮ್ಮ ಅಥವಾ ನಿಮ್ಮ ಸಂಗಾತಿಯ ಜೊತೆ ಪ್ರೀತಿ, ಋಣ, ಪ್ರಭಾವ ಅಥವಾ ಒಂದೇ ಆಸಕ್ತಿಯಿಂದ ಹತ್ತಿರದ, ನಿರಂತರ ಸಂಪರ್ಕ ಇರುವ ವಿದೇಶಿಯರು ಇಲ್ಲಿಗೆ ಸೇರುತ್ತಾರೆ. ನಿಮ್ಮನ್ನು ಎತ್ತಿ ಆಡಿಸಿದ, ಇವತ್ತಿಗೂ ವಾರಕ್ಕೊಮ್ಮೆ ಫೋನ್ ಮಾಡುವ ಚಿಕ್ಕಮ್ಮ ಬರುತ್ತಾರೆ. ಮದುವೆ ಮನೆಯಲ್ಲಿ ಮಾತ್ರ ಸಿಗುವ, ಫ್ಯಾಮಿಲಿ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆ ಶುಭೋದಯ ಕಳಿಸುವ ದೂರದ ನೆಂಟರು ಸಾಮಾನ್ಯವಾಗಿ ಬರುವುದಿಲ್ಲ. ನಡುವಿನವರ ಬಗ್ಗೆ ಗೊಂದಲವಾದರೆ ನಾನು ಹೇಳುವುದು ಒಂದೇ: ಬರೆದುಬಿಡಿ. ಒಬ್ಬರು ಹೆಚ್ಚಾದರೆ ನಷ್ಟವಿಲ್ಲ, ಕಡಿಮೆಯಾದರೆ ಪ್ರಶ್ನೆ ಏಳುತ್ತದೆ.

ತುಂಬಾ ಜನ ಎಡವುವ ಒಂದು ಜಾಗವಿದೆ. ಫಾರಂ ಪ್ರಕಾರ ವಿದೇಶಿ ಅಂದರೆ ವಿದೇಶದಲ್ಲಿ ಇರುವವರು ಮಾತ್ರ ಅಲ್ಲ. ಅಮೆರಿಕದ ಪ್ರಜೆಯಲ್ಲದ ಎಲ್ಲರೂ ವಿದೇಶಿಯರೇ. ಪಕ್ಕದ ಬೀದಿಯಲ್ಲಿದ್ದು, ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುವ ನಿಮ್ಮ ಆಪ್ತ ಗೆಳತಿ, ಕನ್ನಡ ಕೂಟದಲ್ಲಿ ಜೊತೆಗೆ ನಾಟಕ ಮಾಡುವ ಗ್ರೀನ್ ಕಾರ್ಡ್ ಗೆಳೆಯ ಇಬ್ಬರೂ ಈ ಲೆಕ್ಕಕ್ಕೆ ಬರುತ್ತಾರೆ. ಸ್ನೇಹ ಗಾಢವಾಗಿದ್ದರೆ ಬರೆಯಬೇಕು. ಮೊದಲೇ ಅವರಿಗೆ ಒಂದು ಮಾತು ಹೇಳಿ, ಹೆಸರು ವಿಳಾಸ ಕೇಳಿ ಪಡೆದರೆ ಚೆಂದ.

ಇನ್ನು ಹುಟ್ಟಿದ ತಾರೀಖು, ಹೆಸರು, ವಿಳಾಸ. ನಮ್ಮ ಹಿರಿಯರಿಗೆ ಶಾಲೆಯ ದಾಖಲೆಯಲ್ಲಿ ಒಂದು ತಾರೀಖು, ಜಾತಕದಲ್ಲಿ ಒಂದು. ಪಾಸ್‌ಪೋರ್ಟ್ ಅಥವಾ ಆಧಾರ್‌ನಲ್ಲಿ ಇರುವುದನ್ನೇ ಬರೆಯಿರಿ. ಖಚಿತವಿಲ್ಲದಿದ್ದರೆ 'ಅಂದಾಜು' ಅಂತ ಗುರುತು ಹಾಕುವ ಚೌಕ ಫಾರಂನಲ್ಲೇ ಇದೆ. ಹೆಸರು ಒಂದು ದಾಖಲೆಯಲ್ಲಿ ಇನಿಷಿಯಲ್ ಜೊತೆ, ಇನ್ನೊಂದರಲ್ಲಿ ಊರಿನ ಹೆಸರಿನ ಜೊತೆ ಇದ್ದರೆ ಎರಡನ್ನೂ ಕೊಟ್ಟು ಟಿಪ್ಪಣಿಯಲ್ಲಿ ವಿವರಿಸಿ. ಅಮ್ಮನ ವಿಷಯದಲ್ಲಿ ನಾನು ಮಾಡಿದ್ದೂ ಇದನ್ನೇ.

ಹೆಜ್ಜೆ 3: ಯಾರು ಎಲ್ಲಿ ಕೆಲಸ ಮಾಡುತ್ತಾರೆ

ವಿದೇಶಿ ನೆಂಟರ ಬಗ್ಗೆ ಫಾರಂ ಮೂರು ವಿಷಯ ಕೇಳುತ್ತದೆ. ಎಷ್ಟು ಸಲ, ಹೇಗೆ ಮಾತಾಡುತ್ತೀರಿ. ಅವರಿಗೆ ಕೆಲಸ ಕೊಟ್ಟವರು ಯಾರು. ವಿದೇಶಿ ಸರ್ಕಾರ, ಸೇನೆ, ಭದ್ರತೆ, ರಕ್ಷಣಾ ಉದ್ಯಮ ಅಥವಾ ಗುಪ್ತಚರ ಸಂಸ್ಥೆಯ ಜೊತೆ ಅವರಿಗೆ ನಂಟು ಇದೆಯಾ.

ಈ ಮೂರನೆಯದು ಬೆಂಗಳೂರಿನ ಮನೆಗಳಿಗೆ ಬೇರೆಯವರಿಗಿಂತ ಹೆಚ್ಚು ತಟ್ಟುತ್ತದೆ. ಎಚ್‌ಎಎಲ್, ಬಿಇಎಲ್, ಇಸ್ರೋ, ಡಿಆರ್‌ಡಿಒ ಪ್ರಯೋಗಾಲಯಗಳು, ಬೆಮೆಲ್, ಎನ್‌ಎಎಲ್. ಈ ಸಂಸ್ಥೆಗಳಲ್ಲಿ ಒಬ್ಬರಾದರೂ ಕೆಲಸ ಮಾಡದ ಕುಟುಂಬ ಹುಡುಕುವುದು ಕಷ್ಟ. ನಮಗೆ ಅದು ಹೆಮ್ಮೆಯ ಮಾತು. ಅಣ್ಣ ಎಚ್‌ಎಎಲ್‌ನಲ್ಲಿದ್ದಾನೆ ಅಂತ ಖುಷಿಯಿಂದ ಹೇಳುತ್ತೇವೆ. ಆದರೆ ಎಚ್‌ಎಎಲ್ ಭಾರತ ಸರ್ಕಾರದ ಒಡೆತನದ ರಕ್ಷಣಾ ಸಂಸ್ಥೆ. ಇಸ್ರೋ ಸರ್ಕಾರದ ಸಂಸ್ಥೆ. ಇವನ್ನು ಸುಮ್ನೆ 'ಇಂಜಿನಿಯರ್' ಅಂತ ಬರೆದು ದಾಟಬೇಡಿ. ಸಂಸ್ಥೆಯ ಪೂರ್ತಿ ಹೆಸರು, ಹುದ್ದೆ, ನಿವೃತ್ತಿಯಾಗಿದ್ದರೆ ಯಾವ ವರ್ಷ, ಎಲ್ಲ ಬರೆಯಿರಿ.

ಸರ್ಕಾರಿ ಶಾಲೆಯ ಮೇಷ್ಟ್ರು, ಕೆಎಸ್‌ಆರ್‌ಟಿಸಿ ಕಂಡಕ್ಟರ್, ತಾಲ್ಲೂಕು ಕಚೇರಿಯ ಗುಮಾಸ್ತ, ಅವರಿಗೆ ಬರುವ ಪಿಂಚಣಿ ಇವೂ ಸರ್ಕಾರದ ನಂಟೇ. ಬರೆಯಬೇಕು. ತೂಕದಲ್ಲಿ ಮಾತ್ರ ಅಜಗಜಾಂತರ. ನಿವೃತ್ತ ಮೇಷ್ಟ್ರಿಗೆ ತಿಂಗಳ ಪಿಂಚಣಿ ಬರುತ್ತದೆ ಅಂದರೆ ಯಾರೂ ಗಾಬರಿಯಾಗುವುದಿಲ್ಲ. ತಮ್ಮ ಈಗಲೂ ಕ್ಷಿಪಣಿ ಪ್ರಯೋಗಾಲಯದಲ್ಲಿ ವಿಜ್ಞಾನಿ, ನೀವು ಇಲ್ಲಿ ಅದೇ ಕ್ಷೇತ್ರದ ಕೆಲಸಕ್ಕೆ ಸೇರುತ್ತಿದ್ದೀರಿ ಅಂದರೆ ಅದು ಗಂಭೀರ ಪ್ರಶ್ನೆಯೇ. ಅಂಥ ಕಡೆ ನಿಮ್ಮಿಬ್ಬರ ನಡುವೆ ಕೆಲಸದ ಮಾತು ಬರುತ್ತದಾ, ಇಲ್ಲವಾ ಅಂತ ನೇರವಾಗಿ ಹೇಳಲು ಸಿದ್ಧರಿರಿ.

ಅವರ ಕೆಲಸ ಏನು ಅಂತ ನಿಮಗೆ ನಿಜವಾಗಿಯೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆಯಿರಿ. ಊಹೆ ಬೇಡ. ಫಾರಂಗಾಗಿ ಅವರ ಹತ್ತಿರ ಕೆಲಸದ ಗುಟ್ಟು ಕೆದಕಲೂ ಹೋಗಬೇಡಿ. ಅವರಿಗೂ ಅವರ ನಿಯಮಗಳಿರುತ್ತವೆ.

ಹೆಜ್ಜೆ 4: ಜಮೀನು, ಖಾತೆ, ಕಳಿಸುವ ದುಡ್ಡು

ಮನೆಯವರು ಎಂಬ ವಿಷಯದ ಒಳಗೇ ಆಸ್ತಿಯೂ ಇದೆ. ನಮ್ಮಲ್ಲಿ ಎರಡನ್ನೂ ಬಿಡಿಸಲು ಬರುವುದಿಲ್ಲ. ವಿಭಾಗ 20ರಲ್ಲಿ ಇದನ್ನೆಲ್ಲ ಕೇಳುತ್ತಾರೆ. ಇಲ್ಲಿ ಕೆಲವು ಪ್ರಶ್ನೆಗಳು 'ಎಂದಾದರೂ' ಅಂತ ಶುರುವಾಗುತ್ತವೆ. ಅಂದರೆ 7 ವರ್ಷದ ಗಡಿ ಇಲ್ಲ.

ಮೊದಲು ಬ್ಯಾಂಕ್. ಕಾಲೇಜಿಗೆ ಹೋಗುವಾಗ ತೆರೆದ ಉಳಿತಾಯ ಖಾತೆ, ಎನ್‌ಆರ್‌ಇ, ಎನ್‌ಆರ್‌ಒ ಖಾತೆ, ಬೆಂಗಳೂರಿನ ಹಳೆಯ ಕಂಪನಿಯ ಪಿಎಫ್, ಅಪ್ಪ ನಿಮ್ಮ ಹೆಸರು ಸೇರಿಸಿ ಇಟ್ಟ ಎಫ್‌ಡಿ, ಎಲ್ಲ ನೆನಪು ಮಾಡಿಕೊಳ್ಳಿ. ಜಂಟಿ ಖಾತೆಯಲ್ಲಿ ದುಡ್ಡು ಅಪ್ಪನದೇ ಆದರೂ ಹೆಸರು ನಿಮ್ಮದೂ ಇದೆಯಲ್ವಾ? ಹಾಗಾದರೆ ಬರೆದು, ದುಡ್ಡು ಅಪ್ಪನದು, ಸೌಕರ್ಯಕ್ಕೆ ನನ್ನ ಹೆಸರಿದೆ ಅಂತ ಸೇರಿಸಿ. ಸಂಗಾತಿಯ ಮತ್ತು ಅವಲಂಬಿತ ಮಕ್ಕಳ ಹೆಸರಿನಲ್ಲಿರುವುದೂ ಲೆಕ್ಕಕ್ಕೆ ಬರುತ್ತದೆ.

ಇದೇ ಹೊತ್ತಿನಲ್ಲಿ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಿದ್ದೀರಾ ಅಂತ ನೋಡಿಕೊಳ್ಳಿ. ಹೊರದೇಶದ ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದಲ್ಲಿ ಯಾವತ್ತಾದರೂ 10,000 ಡಾಲರ್ ದಾಟಿದ್ದರೆ ಇದನ್ನು ಸಲ್ಲಿಸಲೇಬೇಕು. ಫಾರಂನಲ್ಲಿ ಖಾತೆ ತೋರಿಸಿ, ತೆರಿಗೆ ಕಡೆ ತೋರಿಸದೆ ಇದ್ದರೆ ಮನೆಯವರ ವಿಷಯ ಹೋಗಿ ಹಣಕಾಸಿನ ಮಾನದಂಡದಲ್ಲಿ ಸಿಕ್ಕಿಬೀಳುತ್ತೀರಿ. ಬಿಟ್ಟುಹೋಗಿದ್ದರೆ ತೆರಿಗೆ ತಜ್ಞರನ್ನು ಕಂಡು ಮೊದಲು ಅದನ್ನು ಸರಿಮಾಡಿ.

ಇನ್ನು ಜಮೀನು. ಮೈಸೂರಿನಲ್ಲೊಂದು ಸೈಟು, ಬೆಂಗಳೂರಿನಲ್ಲೊಂದು ಫ್ಲ್ಯಾಟು ಅಂದರೆ ಸುಲಭ. ನಿಮ್ಮ ಹೆಸರಿದೆ, ಬೆಲೆ ಗೊತ್ತು. ಪಿತ್ರಾರ್ಜಿತ ತೋಟದ ಕತೆ ಬೇರೆ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇರುತ್ತದೆ. ಪೌತಿ ಖಾತೆ ಆಗಿರುವುದಿಲ್ಲ. ಆದರೂ ಪಾಲು ಬರುವುದು ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು. ಮದುವೆಯಾಗಿ ಅಮೆರಿಕಕ್ಕೆ ಬಂದವಳು, ನನಗೇನೂ ಇಲ್ಲ ಅಂತ ಬರೆಯುವ ಮೊದಲು ಇದನ್ನು ಯೋಚಿಸಬೇಕು. ಫಾರಂ ಈಗ ಇರುವ ಆಸ್ತಿಯನ್ನಷ್ಟೇ ಕೇಳುವುದಿಲ್ಲ, ಮುಂದೆ ಬರುತ್ತದೆ ಅಂತ ನಿರೀಕ್ಷೆ ಇರುವುದನ್ನೂ ಕೇಳುತ್ತದೆ. ಮನೆಯಲ್ಲಿ ವಿಚಾರಿಸಿ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದರೆ ಅದರ ಪ್ರತಿ ಇಟ್ಟುಕೊಳ್ಳಿ.

ಕ್ಲಿಯರೆನ್ಸ್‌ಗೋಸ್ಕರ ಊರಿನ ಮನೆ ಮಾರಬೇಕಾ ಅಂತ ಕೇಳುವವರಿದ್ದಾರೆ. ದಯವಿಟ್ಟು ಆತುರಪಡಬೇಡಿ. ಆಸ್ತಿ ಇದೆ ಎಂಬುದಕ್ಕಿಂತ, ಅದನ್ನು ಹಿಡಿದು ನಿಮ್ಮನ್ನು ಬಗ್ಗಿಸಬಹುದಾ ಎಂಬುದು ಮುಖ್ಯ. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ನಿಮ್ಮ ಅಮೆರಿಕದ ಮನೆ, 401ಕೆ ಎಂಬ ನಿವೃತ್ತಿ ನಿಧಿ, ಉಳಿತಾಯ ಎಲ್ಲ ಸೇರಿ 9 ಲಕ್ಷ ಡಾಲರ್. ಊರಿನ ಸೈಟು, ಖಾತೆ ಸೇರಿ 60 ಸಾವಿರ ಡಾಲರ್. ಈ ಸೈಟು ಹೋದರೂ ನಿಮ್ಮ ಬದುಕು ಅಲುಗಾಡುವುದಿಲ್ಲ ಅಂತ ಲೆಕ್ಕವೇ ಹೇಳುತ್ತದೆ. ತಿರುಗಿಸಿ ನೋಡಿ. ಇಲ್ಲಿ ಬಾಡಿಗೆ ಮನೆ, ಗಳಿಸಿದ್ದೆಲ್ಲ ಬೆಂಗಳೂರಿನ ಮೂರು ಫ್ಲ್ಯಾಟಿನಲ್ಲಿದೆ ಅಂದರೆ ವಿವರಣೆ ಜಾಸ್ತಿ ಬೇಕಾಗುತ್ತದೆ. ಎರಡೂ ಕಡೆಯ ಅಂಕಿ ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ದುಡ್ಡು ಕಳಿಸುತ್ತೀರಾ? ತಂಗಿಯ ಮದುವೆಗೆ, ಮಾವನ ಆಪರೇಷನ್‌ಗೆ ಕೊಟ್ಟಿದ್ದೀರಾ? ವಿದೇಶಿ ಪ್ರಜೆಗೆ ಹಣಕಾಸಿನ ನೆರವು ಕೊಟ್ಟಿದ್ದೀರಾ ಎಂಬ ಪ್ರಶ್ನೆಗೆ 'ಹೌದು' ಅನ್ನಿ. ಹೆತ್ತವರನ್ನು ನೋಡಿಕೊಳ್ಳುವುದು ತಪ್ಪಲ್ಲ, ಅದನ್ನು ತಪ್ಪು ಅಂತ ಯಾರೂ ಹೇಳುವುದೂ ಇಲ್ಲ. ಎಷ್ಟು, ಎಷ್ಟು ಸಲ, ಯಾತಕ್ಕೆ ಅಂತ ಹೇಳಿದರೆ ಆಯಿತು. ಬ್ಯಾಂಕ್ ಮೂಲಕ ಕಳಿಸಿದ್ದರೆ ಲೆಕ್ಕ ತಾನಾಗಿಯೇ ಸಿಗುತ್ತದೆ.

ಇದೇ ವಿಭಾಗದಲ್ಲಿ ಇನ್ನೂ ಕೆಲವು ಪ್ರಶ್ನೆಗಳು ನಮ್ಮ ಕಣ್ಣು ತಪ್ಪುತ್ತವೆ. ತಂದೆ ತಾಯಿಗೆ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದ್ದರೆ, ವಿದೇಶಿಯರಿಗೆ ಪ್ರಾಯೋಜಕರಾಗಿದ್ದೀರಿ ಅಂತ ಅರ್ಥ. ತಮ್ಮನ ಹುಬ್ಬಳ್ಳಿಯ ಕಂಪನಿಗೆ ಬಿಡುವಿನಲ್ಲಿ ಸಲಹೆ ಕೊಟ್ಟಿದ್ದರೆ ಅದು ವಿದೇಶಿ ವ್ಯಾಪಾರಕ್ಕೆ ನೆರವು. ಕನ್ನಡ ಕೂಟದ ಪದಾಧಿಕಾರಿಯಾಗಿ ರಾಜ್ಯೋತ್ಸವಕ್ಕೆ ಭಾರತದ ಕಾನ್ಸುಲ್ ಜನರಲ್ ಅವರನ್ನು ಕರೆದು ಮಾತಾಡಿದ್ದರೆ ಅದು ವಿದೇಶಿ ಸರ್ಕಾರದ ಪ್ರತಿನಿಧಿಯ ಜೊತೆಗಿನ ಸಂಪರ್ಕ. ಇವು ಯಾವುವೂ ಅಪರಾಧವಲ್ಲ. ಬರೆಯಬೇಕು ಅಷ್ಟೇ.

ಹೆಜ್ಜೆ 5: ಪಾಸ್‌ಪೋರ್ಟ್, ಒಸಿಐ, ಓಟು, ಪ್ರಯಾಣ

ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ ಪ್ರಕಾರ ನೀವು ಅಮೆರಿಕದ ಪ್ರಜೆಯಾದ ದಿನವೇ ಭಾರತದ ಪೌರತ್ವ ಮುಗಿಯಿತು. ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ ಪಡೆದ ಪ್ರಮಾಣಪತ್ರವನ್ನು ಹುಡುಕಿ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಇನ್ನೂ ಬೀರುವಿನಲ್ಲೇ ಇದ್ದರೆ ಮೊದಲು ಒಪ್ಪಿಸಿ.

ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡಿನ ಹೆಸರಿನಲ್ಲಿ 'ಸಿಟಿಜನ್' ಅಂತ ಇರುವುದರಿಂದ ಗೊಂದಲವಾಗುತ್ತದೆ. ಅದು ಪೌರತ್ವವಲ್ಲ. ಓಟು ಹಾಕುವ ಹಕ್ಕು ಇಲ್ಲ, ಭಾರತದ ಪಾಸ್‌ಪೋರ್ಟ್ ಸಿಗಲ್ಲ, ಕೃಷಿ ಜಮೀನು ಕೊಳ್ಳಲು ಬರಲ್ಲ. ಆದರೂ ಕಾರ್ಡ್ ಇದೆ, ಅದು ಇಂಥದ್ದು, ಅಪ್ಪ ಅಮ್ಮನನ್ನು ನೋಡಲು ಹೋಗಲು ಇಟ್ಟುಕೊಂಡಿದ್ದೇನೆ ಅಂತ ಟಿಪ್ಪಣಿಯಲ್ಲಿ ನೀವಾಗಿಯೇ ಬರೆಯಿರಿ. ಅವರು ಕೇಳಿ ತಿಳಿದುಕೊಳ್ಳುವುದಕ್ಕಿಂತ ನಾವು ಹೇಳುವುದು ಒಳ್ಳೆಯದು.

ವಿದೇಶಿ ಚುನಾವಣೆಯಲ್ಲಿ ಎಂದಾದರೂ ಓಟು ಹಾಕಿದ್ದೀರಾ ಅಂತಲೂ ಕೇಳುತ್ತಾರೆ. ಭಾರತದ ಪ್ರಜೆಯಾಗಿದ್ದಾಗ ಹಾಕಿದ್ದರೂ ಉತ್ತರ 'ಹೌದು'. ಆಗ ಅದು ನಿಮ್ಮ ಹಕ್ಕಾಗಿತ್ತು ಅಂತ ವಿವರಿಸಿ. ಊರಿನ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇನ್ನೂ ಇದ್ದರೆ ನಮೂನೆ 7 ಕೊಟ್ಟು ತೆಗೆಸಿ.

ಪ್ರಯಾಣಕ್ಕೆ 7 ವರ್ಷದ ಲೆಕ್ಕ. ಪಾಸ್‌ಪೋರ್ಟಿನ ಮುದ್ರೆ, ಟಿಕೆಟ್‌ನ ಇಮೇಲ್, ಮದುವೆ ಫೋಟೊದ ತಾರೀಖು ಎಲ್ಲ ಕೈಗೆ ಬರುತ್ತವೆ. ದಾರಿಯಲ್ಲಿ ದುಬೈನಲ್ಲಿ ಎರಡು ದಿನ ಊರು ನೋಡಿದ್ದರೆ ಅದನ್ನೂ ಸೇರಿಸಿ.

ಹೆಜ್ಜೆ 6: ಸಂದರ್ಶನ

ಅಧಿಕಾರಿ ಎದುರು ಕೂತಾಗ ನಮ್ಮವರು ಮಾಡುವ ಒಂದು ತಪ್ಪು ನನಗೆ ತುಂಬಾ ನೋವು ಕೊಡುತ್ತದೆ. ಹೆದರಿಕೆಯಿಂದ ಸಂಬಂಧವನ್ನೇ ಚಿಕ್ಕದು ಮಾಡಿ ಹೇಳುತ್ತಾರೆ. "ಅಪ್ಪ ಅಮ್ಮನ ಜೊತೆ ಅಷ್ಟೇನೂ ಮಾತಿಲ್ಲ" ಅನ್ನುತ್ತಾರೆ. ದಿನಾ ರಾತ್ರಿ ವಿಡಿಯೊ ಕಾಲ್ ಮಾಡುವವರು ಹೀಗೆ ಹೇಳಿದರೆ ಅದು ಸುಳ್ಳು. ಅದರಿಂದ ಪ್ರಯೋಜನವೂ ಇಲ್ಲ. ಹೆತ್ತವರ, ಒಡಹುಟ್ಟಿದವರ ಸಂಬಂಧ ಮೇಲುಮೇಲಿನದಲ್ಲ ಅಂತಲೇ ಅವರು ಲೆಕ್ಕ ಹಾಕುತ್ತಾರೆ. ಸಂಗಾತಿಯ ತಂದೆ ತಾಯಿಯ ಮೇಲೂ ನಿಮಗೆ ಪ್ರೀತಿ ಅಥವಾ ಋಣ ಇದೆ ಅಂತಲೇ ತೀರ್ಪುಗಳು ಮೊದಲಿಗೆ ಭಾವಿಸುತ್ತವೆ.

ಪ್ರೀತಿ ಇದೆ ಅಂತಲೇ ಹೇಳಿ. ಆಮೇಲೆ ನಿಮ್ಮ ಬದುಕು ಎಲ್ಲಿದೆ ಅಂತ ಹೇಳಿ. ಎಷ್ಟು ವರ್ಷದಿಂದ ಇಲ್ಲಿದ್ದೀರಿ, ಮಕ್ಕಳು ಯಾವ ಶಾಲೆಯಲ್ಲಿದ್ದಾರೆ, ಮನೆ, ಕೆಲಸ, ನೆರೆಹೊರೆ, ಸ್ವಯಂಸೇವೆ. ಅಮೆರಿಕದ ಜೊತೆಗಿನ ಆಳವಾದ, ಬಹುಕಾಲದ ನಂಟು ಅಪಾಯವನ್ನು ಕಡಿಮೆ ಮಾಡುತ್ತದೆ ಅಂತ ಮಾನದಂಡದಲ್ಲೇ ಇದೆ.

ನಿಮ್ಮ ತಂದೆಯನ್ನು ಯಾರಾದರೂ ಹೆದರಿಸಿ ನಿಮ್ಮಿಂದ ಮಾಹಿತಿ ಕೇಳಿದರೆ ಏನು ಮಾಡುತ್ತೀರಿ ಅಂತ ಕೇಳಬಹುದು. ಕೇಳಲು ಕಷ್ಟದ ಪ್ರಶ್ನೆ. ಮನೆಯಲ್ಲೇ ಒಬ್ಬರೇ ಕೂತು ಇದನ್ನು ಯೋಚಿಸಿ. ಮಾಹಿತಿ ಕೊಡುವುದಿಲ್ಲ, ತಕ್ಷಣ ಕಂಪನಿಯ ಭದ್ರತಾ ಅಧಿಕಾರಿಗೆ ತಿಳಿಸುತ್ತೇನೆ ಅಂತ ನಿಮ್ಮ ಮನಸ್ಸಿಗೆ ನಿಜವಾಗಿ ಅನ್ನಿಸಿದರೆ ಮಾತ್ರ ಈ ಕೆಲಸ ನಿಮಗೆ ಸರಿ. ಅನ್ನಿಸದಿದ್ದರೆ ಬೇರೆ ಕೆಲಸ ಹುಡುಕುವುದರಲ್ಲಿ ಅವಮಾನವೇನೂ ಇಲ್ಲ.

ಫಾರಂ ಕಳಿಸಿದ ಮೇಲೆ ಏನಾದರೂ ಬಿಟ್ಟುಹೋಗಿದ್ದು ನೆನಪಾದರೆ ಅವರು ಕೇಳುವ ತನಕ ಕಾಯಬೇಡಿ. ಸಂದರ್ಶನದ ಶುರುವಿನಲ್ಲೇ, ಅಥವಾ ಅದಕ್ಕೂ ಮೊದಲು ಹೇಳಿ. ನಾವಾಗಿಯೇ ಬೇಗ ತಿದ್ದಿದರೆ ಅದನ್ನು ಒಳ್ಳೆಯ ಮನಸ್ಸಿನ ತಿದ್ದುಪಡಿ ಅಂತ ಪರಿಗಣಿಸುವ ಅವಕಾಶ ನಿಯಮದಲ್ಲಿದೆ. ಬೇಕೆಂದೇ ಮುಚ್ಚಿಟ್ಟರೆ ಅದು ಫೆಡರಲ್ ಅಪರಾಧ, 5 ವರ್ಷದವರೆಗೆ ಜೈಲು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ, ಊರಲ್ಲಿರುವ ಒಂದು ಸಣ್ಣ ಖಾತೆಗೋಸ್ಕರ ನಂಬಿಕೆ ಕಳೆದುಕೊಂಡರೆ ಹಾಗೇ ಆಗುತ್ತದೆ.

ಹೆಜ್ಜೆ 7: ಸಿಕ್ಕಿದ ಮೇಲೂ ತಿಳಿಸುತ್ತಿರಬೇಕು

ಎಸ್‌ಇಎಡಿ 3 ಎಂಬ ಇನ್ನೊಂದು ಆದೇಶ ಇದಕ್ಕೇ ಇದೆ. ಸ್ವಂತ ಕೆಲಸಕ್ಕೆ ವಿದೇಶಕ್ಕೆ ಹೋಗುವ ಮೊದಲು ತಿಳಿಸಬೇಕು. ಹೊಸದಾಗಿ ವಿದೇಶಿಯರ ಜೊತೆ ಆಪ್ತ ಸಂಬಂಧ ಬೆಳೆದರೆ ತಿಳಿಸಬೇಕು. ಟಾಪ್ ಸೀಕ್ರೆಟ್ ಇದ್ದವರಿಗೆ ಪಟ್ಟಿ ಇನ್ನೂ ಉದ್ದ. ವಿದೇಶಿ ಖಾತೆ, ವಿದೇಶಿ ಆಸ್ತಿ, ಮದುವೆ, 30 ದಿನಕ್ಕಿಂತ ಹೆಚ್ಚು ಮನೆಯಲ್ಲಿ ಜೊತೆಗಿರುವ ವಿದೇಶಿಯರು. ಮಗಳ ಬಾಣಂತನಕ್ಕೆ ಅಂತ ಅಮ್ಮ ಬಂದು ಆರು ತಿಂಗಳು ಇರುತ್ತಾರಲ್ಲ, ಅದು ಇಲ್ಲಿಗೆ ಬರುತ್ತದೆ. ಅಮ್ಮ ವಿಮಾನ ಹತ್ತುವ ಮೊದಲೇ ಭದ್ರತಾ ಅಧಿಕಾರಿಗೆ ಒಂದು ಇಮೇಲ್ ಹಾಕಿ.

ನಡುರಾತ್ರಿ ಊರಿಂದ ಫೋನ್ ಬಂದು, ಮರುದಿನವೇ ಹೊರಡಬೇಕಾದರೆ? ಆ ಗಾಬರಿಯಲ್ಲಿ ಫಾರಂ ನೆನಪಾಗುವುದಿಲ್ಲ. ನಿಯಮಕ್ಕೂ ಅದು ಗೊತ್ತು. ಹೊರಡುವ ಮೊದಲು ಮೇಲಿನವರಿಗೆ ಬಾಯಿಮಾತಿನಲ್ಲಾದರೂ ಹೇಳಿ ಹೋಗಿ. ವಾಪಸ್ ಬಂದು 5 ಕೆಲಸದ ದಿನಗಳೊಳಗೆ ಪೂರ್ತಿ ವಿವರ ಕೊಡಿ. ಭದ್ರತಾ ಅಧಿಕಾರಿಯ ನಂಬರನ್ನು ಇವತ್ತೇ ಫೋನಿನಲ್ಲಿ ಉಳಿಸಿಟ್ಟುಕೊಳ್ಳಿ.

ಆಕ್ಷೇಪದ ಪತ್ರ ಬಂದರೆ

ಅನುಮಾನ ಉಳಿದರೆ 'ಸ್ಟೇಟ್‌ಮೆಂಟ್ ಆಫ್ ರೀಸನ್ಸ್' ಎಂಬ ಪತ್ರ ಬರುತ್ತದೆ. "ನಿಮ್ಮ ತಾಯಿ ಭಾರತದ ಪ್ರಜೆ ಮತ್ತು ನಿವಾಸಿ" ಎಂಬ ಥರದ ಸಾಲುಗಳು ಅದರಲ್ಲಿ ಆರೋಪದ ಹಾಗೆ ಕಾಣುತ್ತವೆ. ಓದಿ ಎದೆ ಧಸಕ್ ಅನ್ನುತ್ತದೆ. ಅದು ಅಂತಿಮ ತೀರ್ಪಲ್ಲ. ರಕ್ಷಣಾ ಇಲಾಖೆಯ ಗುತ್ತಿಗೆ ಕಂಪನಿಗಳ ನೌಕರರಿಗೆ ಉತ್ತರ ಕೊಡಲು ಪತ್ರ ತಲುಪಿದ ದಿನದಿಂದ 20 ದಿನ ಇರುತ್ತದೆ. ಒಂದೊಂದು ಸಾಲಿಗೂ ಒಪ್ಪುತ್ತೇನೆ, ಇಲ್ಲ ಅಂತ ಉತ್ತರಿಸಿ ವಿವರಣೆ ಬರೆಯಬೇಕು. ನ್ಯಾಯಾಧೀಶರ ಮುಂದೆ ವಿಚಾರಣೆ ಬೇಕಾದರೆ ಆ ಉತ್ತರದಲ್ಲೇ ಕೇಳಿಕೊಳ್ಳಬೇಕು. ಈ ಹಂತಕ್ಕೆ ಬಂದರೆ ಇದೇ ಕ್ಷೇತ್ರದ ವಕೀಲರನ್ನು ಕಾಣಿ. ಅಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಈ ವಿಚಾರಣೆ ನಡೆಸುವ ಡೊಹಾ ಎಂಬ, ರಕ್ಷಣಾ ಇಲಾಖೆಯ ವಿಚಾರಣೆ ಮತ್ತು ಮೇಲ್ಮನವಿ ಕಚೇರಿಯ ತೀರ್ಪುಗಳು, ಅರ್ಜಿದಾರರ ಹೆಸರು ತೆಗೆದು, ಜಾಲತಾಣದಲ್ಲಿ ಎಲ್ಲರಿಗೂ ಓದಲು ಸಿಗುತ್ತವೆ. ಭಾರತದ ನೆಂಟರ ವಿಷಯದವೂ ಸಾಕಷ್ಟಿವೆ. ಒಪ್ಪಿಗೆ ಸಿಕ್ಕವೂ ಇವೆ, ನಿರಾಕರಣೆ ಆದವೂ ಇವೆ. ನಾಲ್ಕೈದು ಓದಿದರೆ ನ್ಯಾಯಾಧೀಶರು ಯಾವ ಪ್ರಶ್ನೆ ಎತ್ತುತ್ತಾರೆ, ಯಾವ ದಾಖಲೆ ಕೆಲಸಕ್ಕೆ ಬಂತು ಅಂತ ತಿಳಿಯುತ್ತದೆ. ನಿರಾಕರಣೆಯೇ ಆದರೂ ಒಂದು ವರ್ಷದ ನಂತರ, ಕಂಪನಿ ಮತ್ತೆ ಮುಂದಿಟ್ಟರೆ, ಇನ್ನೊಮ್ಮೆ ಪ್ರಯತ್ನಿಸಬಹುದು.

ಕೊನೆಯದಾಗಿ, ಫಾರಂ ಕಳಿಸುವ ಮೊದಲು ಪೂರ್ತಿ ಪ್ರತಿಯನ್ನು ಪಿಡಿಎಫ್ ಮಾಡಿ ಉಳಿಸಿಕೊಳ್ಳಿ. ಸಂದರ್ಶನಕ್ಕೆ ಅದು ಬೇಕು. ಮುಂದೆ ಇನ್ನೊಂದು ಫಾರಂ ತುಂಬುವಾಗಲೂ ಬೇಕು. ಆಗ ಅಮ್ಮನ ಹುಟ್ಟಿದ ದಿನವನ್ನು ಈ ಸಲ ಬರೆದ ಹಾಗೆಯೇ ಬರೆಯಬೇಕಲ್ವಾ.